ಟ್ರೌಟ್‌ಗೆ ಗಾಳ ಹಾಕಲು ಯಾವ ನದಿ? ಬೆಂಗಳೂರಿನಿಂದ ಹೊರಡುವವರಿಗೆ ಒಂದು ಹೋಲಿಕೆ

ದಸರಾ ರಜೆ ಹತ್ತಿರ ಬಂತೆಂದರೆ ಗೆಳೆಯರ ಫೋನ್ ಶುರುವಾಗುತ್ತದೆ. ಗದ್ದಲ ಇಲ್ಲದ ಕಡೆ, ಬೆಟ್ಟದ ನದಿಯಲ್ಲಿ ಟ್ರೌಟ್ ಹಿಡಿಯಬೇಕು, ಎಲ್ಲಿಗೆ ಹೋಗೋಣ? ಊರಿನ ಹೆಸರು ಹೇಳುವ ಮೊದಲು ನಾನು ಮೂರು ವಿಷಯ ಕೇಳುತ್ತೇನೆ. ಎಷ್ಟು ದಿನ ರಜೆ ಸಿಕ್ಕಿದೆ? ಯಾವ ತಿಂಗಳು? ದಿನಕ್ಕೆ ಎಷ್ಟು ಗಂಟೆ ನಡೆಯಬಲ್ಲಿರಿ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ನದಿ ಯಾವುದು ಅಂತ ಹೇಳುವುದು ಕಷ್ಟವಲ್ಲ.

ಹೆಚ್ಚಿನವರು ಫೋಟೋ ನೋಡಿ ನದಿ ಆರಿಸುತ್ತಾರೆ. ಹಿಂದೆ ಹಿಮದ ಬೆಟ್ಟ, ಮುಂದೆ ನೀಲಿ ನೀರು, ಪಕ್ಕದಲ್ಲಿ ಮರದ ಮನೆ. ಆದರೆ ಆ ಫೋಟೋ ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ತೆಗೆದದ್ದು ಅಂತ ಯಾರೂ ಹೇಳುವುದಿಲ್ಲ. ಅಕ್ಟೋಬರ್ ಬೆಳಗ್ಗೆ ಕನ್ನಡಿಯ ಹಾಗಿದ್ದ ಅದೇ ನದಿ ಜೂನ್ ಮಧ್ಯಾಹ್ನ ಸುಣ್ಣ ಕಲಸಿದ ಹಾಗೆ ಹರಿಯುತ್ತಿರುತ್ತದೆ. ಟ್ರೌಟ್ ಕಣ್ಣಿನಿಂದ ಬೇಟೆ ಆಡುವ ಮೀನು. ನೀರು ಕದಡಿದರೆ ನೀವು ಎಸೆದದ್ದು ಅದಕ್ಕೆ ಕಾಣುವುದಿಲ್ಲ, ಅಷ್ಟೇ.

ಕಾವೇರಿಯಲ್ಲಿ ಬಿಳಿಮೀನಿನ (ಮಹಶೀರ್) ಕಥೆ ಕೇಳಿ ಬೆಳೆದವರು ನಾವು. ದಪ್ಪ ಕೋಲು, ದಪ್ಪ ದಾರ, ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ದೊಡ್ಡ ಮಡು, ಗಂಟೆಗಟ್ಟಲೆ ಕಾಯುವುದು. ಟ್ರೌಟ್ ಇದಕ್ಕೆ ಪೂರ್ತಿ ಬೇರೆ. ನೀವು ಒಂದು ಕಡೆ ಕೂರುವುದಿಲ್ಲ, ನದಿಯ ಜೊತೆ ಮೇಲಕ್ಕೆ ನಡೆಯುತ್ತಾ ಹೋಗುತ್ತೀರಿ. ನೀರು ತಣ್ಣಗಿರಬೇಕು. 20 ಡಿಗ್ರಿ ದಾಟಿದರೆ ಅದು ಮೇವು ಬಿಡಲು ಶುರು ಮಾಡುತ್ತದೆ, 25ರ ಹತ್ತಿರ ಹೋದರೆ ಬದುಕುವುದೇ ಕಷ್ಟ. ಹಾಗಾಗಿ ನಮ್ಮ ಕಾವೇರಿಯಲ್ಲಿ, ಕಾಳಿಯಲ್ಲಿ ಇದನ್ನು ಹುಡುಕುವ ಮಾತೇ ಇಲ್ಲ.

ಇನ್ನೊಂದು ವಿಷಯ ತಿಳಿದಿರಲಿ, ನದಿ ಹುಡುಕುವಾಗ ಉಪಯೋಗಕ್ಕೆ ಬರುತ್ತದೆ. ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರೌನ್ ಟ್ರೌಟ್ ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಬಂದದ್ದು 1900ರಲ್ಲಿ. ಅಲ್ಲಿಂದ ಹಿಮಾಚಲದ ಕುಲ್ಲು ಕಡೆಗೆ ಹೋದದ್ದು 1909ರ ಸುಮಾರಿಗೆ. ನೀಲಗಿರಿಯಲ್ಲಿ ರೇನ್‌ಬೋ ಟ್ರೌಟ್ ನೆಲೆಯೂರಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅಂದರೆ ಯಾರೋ ತಂದು ಬಿಟ್ಟ ಕಡೆ ಮಾತ್ರ ಇದು ಇದೆ. ಹಳೆಯ ಮರಿಸಾಕಣೆ ಕೇಂದ್ರಗಳು ಎಲ್ಲೆಲ್ಲಿ ಇದ್ದವು ಅಂತ ನಕ್ಷೆಯಲ್ಲಿ ಗುರುತು ಮಾಡಿ, ಅವುಗಳ ಸುತ್ತಲಿನ ಕಣಿವೆಗಳನ್ನು ನೋಡಿ. ಎಷ್ಟು ಚೆಂದದ ತೊರೆಯಾದರೂ ಮರಿ ಬಿಟ್ಟೇ ಇಲ್ಲದ ಕಣಿವೆಯಲ್ಲಿ ಟ್ರೌಟ್ ಸಿಗುವುದಿಲ್ಲ.

ಶನಿವಾರ ಭಾನುವಾರ ಮಾತ್ರ ಇದ್ದರೆ

ನೀಲಗಿರಿ. ಅವಲಾಂಚಿ, ಎಮರಾಲ್ಡ್, ಅಪ್ಪರ್ ಭವಾನಿ ಕಡೆಯ ನೀರಿನಲ್ಲಿ ರೇನ್‌ಬೋ ಇದೆ, ಅವಲಾಂಚಿಯಲ್ಲಿ ಹಳೆಯ ಮರಿಸಾಕಣೆ ಕೇಂದ್ರವೂ ಇದೆ. ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಹೋಗಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಬಂದ್, ಅದನ್ನು ಲೆಕ್ಕ ಹಾಕಿಯೇ ಮನೆ ಬಿಡಿ. ನೀಲಗಿರಿಗೆ ಹೋಗುವ ಗಾಡಿಗಳಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬಂದಿದೆ, ಅದನ್ನೂ ನೋಡಿಕೊಳ್ಳಿ.

ಆದರೆ ಇಲ್ಲಿ ಒಳ್ಳೆಯ ನೀರಿನ ಬಹುಪಾಲು ಮೀಸಲು ಅರಣ್ಯದಲ್ಲಿ ಅಥವಾ ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿದೆ. ಉದ್ಯಾನದೊಳಗೆ ಗಾಳ ಹಾಕುವಂತಿಲ್ಲ. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಅನುಮತಿಯೂ ಬೇಕು, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಊಟಿಗೆ ಹೋಗಿ ಕೇಳಿದರಾಯಿತು ಅಂತ ಹೊರಡಬೇಡಿ, ಮೊದಲೇ ಫೋನ್ ಮಾಡಿ. ನನ್ನ ಮಟ್ಟಿಗೆ ನೀಲಗಿರಿ ಕೈ ಪಳಗಿಸಿಕೊಳ್ಳುವ ಜಾಗ. ದೂರದ, ಯಾರೂ ಇಲ್ಲದ ನದಿ ಬೇಕು ಅನ್ನುವವರ ಆಸೆ ಅಲ್ಲಿ ತೀರುವುದಿಲ್ಲ.

ಐದಾರು ದಿನ ಇದ್ದರೆ: ತೀರ್ಥನ್

ಮೊದಲ ಸಲ ಹೊರಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಹೆಸರು ಇದೇ, ಹಿಮಾಚಲದ ಕುಲ್ಲು ಕಡೆಯ ನದಿ. ಕಾರಣ ಒಂದೇ, ಆದರೆ ಬಹಳ ದೊಡ್ಡದು. ಈ ನದಿಗೆ ಅಣೆಕಟ್ಟು ಇಲ್ಲ. ಪಕ್ಕದ ಸೈಂಜ್ ನದಿಯಲ್ಲಿ ಜಲವಿದ್ಯುತ್ ಯೋಜನೆಗಳಿವೆ, ಬಿಯಾಸ್‌ನಲ್ಲಿ ಇವೆ, ಪಾರ್ವತಿಯಲ್ಲಿ ಇವೆ. ತೀರ್ಥನ್ ಮಾತ್ರ ಮೇಲಿನಿಂದ ಲಾರ್ಜಿಯಲ್ಲಿ ಬಿಯಾಸ್ ಸೇರುವವರೆಗೆ ತನ್ನ ಪಾಡಿಗೆ ಹರಿಯುತ್ತದೆ. ಕಣಿವೆಯ ಜನ ಪಟ್ಟು ಹಿಡಿದು ಅದನ್ನು ಉಳಿಸಿಕೊಂಡಿದ್ದಾರೆ. ಅವರ ಊರಿಗೆ ಹೋದಾಗ ಅದು ನೆನಪಿರಲಿ.

ಅಣೆಕಟ್ಟಿನ ವಿಷಯ ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ನಾನು ಮತ್ತು ಗೆಳೆಯ ಇನ್ನೊಂದು ಕಣಿವೆಗೆ ಹೋಗಿದ್ದೆವು, ಹೆಸರು ಬೇಡ. ಒಂದು ವಿಮಾನ, ಎರಡು ಬಸ್, ಒಂದು ಜೀಪು ಬದಲಾಯಿಸಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ಬರೀ ಕಲ್ಲು. ನಡುವೆ ನಮ್ಮೂರ ಕಾಲುವೆಯಷ್ಟು ನೀರು. ಮೇಲಿನ ಅಣೆಕಟ್ಟಿನಿಂದ ನೀರನ್ನು ಸುರಂಗಕ್ಕೆ ತಿರುಗಿಸಿ ಎಷ್ಟೋ ಕಿಲೋಮೀಟರ್ ಕೆಳಗಿನ ವಿದ್ಯುದಾಗಾರಕ್ಕೆ ಒಯ್ದಿದ್ದರು. ನಕ್ಷೆಯಲ್ಲಿ ನೀಲಿ ಗೆರೆ ಹಾಗೇ ಇತ್ತು. ಅವತ್ತಿನಿಂದ ಯಾವ ನದಿಯಾದರೂ ಸರಿ, ಮೊದಲು ಅಣೆಕಟ್ಟು ಎಲ್ಲಿ, ಸುರಂಗ ಎಲ್ಲಿಂದ ಎಲ್ಲಿಗೆ ಅಂತ ನೋಡಿಯೇ ಟಿಕೆಟ್ ತೆಗೆಯುತ್ತೇನೆ.

ಅಂಥ ಒಣಗಿದ ನದಿಯ ಅಪಾಯ ಮೀನು ಸಿಗದಿರುವುದಕ್ಕಿಂತ ಎಷ್ಟೋ ದೊಡ್ಡದು. 2014ರ ಜೂನ್ 8ರಂದು ಥಲೋಟ್ ಬಳಿ ಬಿಯಾಸ್ ನದಿಗೆ ಇಳಿದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೊಚ್ಚಿ ಹೋದರು. ತೀರ್ಥನ್‌ಗೆ ಹೋಗುವ ಬಸ್ಸು ಅದೇ ಜಾಗದ ಪಕ್ಕದಲ್ಲೇ ಹಾದುಹೋಗುತ್ತದೆ. ಅಣೆಕಟ್ಟಿನ ಕೆಳಗೆ ನದಿಯ ನಡುವಿನ ಬಂಡೆ ಎಷ್ಟೇ ಆಸೆ ಹುಟ್ಟಿಸಿದರೂ ಅಲ್ಲಿ ನಿಲ್ಲಬೇಡಿ.

ಹೋಗುವುದು ಹೇಗೆ? ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ. ಸಂಜೆ 43ನೇ ಸೆಕ್ಟರ್ ಬಸ್ ನಿಲ್ದಾಣದಿಂದ ಮನಾಲಿ ಕಡೆಯ ಬಸ್ ಹತ್ತಿ ಔಟ್ ಸುರಂಗದ ಬಳಿ ಇಳಿಯಿರಿ. ಬಸ್ ನಡುರಾತ್ರಿಯೇ ಅಲ್ಲಿಗೆ ಮುಟ್ಟುವ ಹಾಗಿದ್ದರೆ ಬೇಡ, ಬೆಳಗಿನ ಜಾವ ಇಳಿಸುವ ಬಸ್ಸನ್ನೇ ಕೇಳಿ ತೆಗೆದುಕೊಳ್ಳಿ. ಅಲ್ಲಿಂದ ಬಂಜಾರ್, ಬಂಜಾರ್‌ನಿಂದ ಸುಮಾರು 10 ಕಿ.ಮೀ. ಗುಶೈನಿ. ಶುಕ್ರವಾರ ಮಧ್ಯಾಹ್ನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇದ್ದವರು ಶನಿವಾರ ಸಂಜೆ ನೀರಿನಲ್ಲಿ ಕಾಲಿಟ್ಟಿರಬಹುದು.

ಈಗ ಮುಖ್ಯ ಮಾತು. ತೀರ್ಥನ್ ಇವತ್ತು ಗೊತ್ತಿಲ್ಲದ ಜಾಗವೇನಲ್ಲ. ರಸ್ತೆ ಪಕ್ಕದ ಪ್ರತಿ ಮಡುವಿಗೂ ವಾರದಲ್ಲಿ ಹತ್ತು ಜನ ಗಾಳ ಹಾಕಿರುತ್ತಾರೆ, ಅಲ್ಲಿನ ಮೀನಿಗೆ ಬುದ್ಧಿ ಬಂದಿದೆ. ನೀವು ಹೋಗಬೇಕಾದ್ದು ಪಕ್ಕದ ತೊರೆಗೆ. ಗುಶೈನಿಯಲ್ಲಿ ಫಲಾಚನ್ ಅನ್ನುವ ತೊರೆ ಬಂದು ಸೇರುತ್ತದೆ. ಅದನ್ನು ಹಿಡಿದು ಬಠಾಡ್ ಕಡೆ ಮೇಲೆ ಹೋಗಿ, ರಸ್ತೆಯಿಂದ ಕೆಳಗಿಳಿದು, ಒಂದೂವರೆ ಗಂಟೆ ನೀರಿನ ಜೊತೆ ನಡೆಯಿರಿ. ಮುಖ್ಯ ನದಿಯಲ್ಲಾದರೆ ಗುಶೈನಿ ಆಚೆ ರೊಲ್ಲಾ ಕಡೆಯ ಕಾಲುದಾರಿ ಇದೆ. ಆದರೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಗಡಿ ಬಂದ ಕೂಡಲೇ ಕೋಲು ಮಡಚಿಡಿ. 2014ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಕಾಡು ಅದು. ಸುಮ್ನೆ ನಡೆದು ನೋಡಿ ಬನ್ನಿ.

ಫಲಾಚನ್‌ನಲ್ಲಿ ಒಂದು ಮೇ ಬೆಳಗ್ಗೆ ಕಲಿತದ್ದನ್ನು ಹೇಳುತ್ತೇನೆ. ನಾವು ಉಳಿದಿದ್ದ ಮನೆಯ ಅಜ್ಜ ಆರು ಗಂಟೆಗೆ ಮೊದಲೇ ನಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋದರು. ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ಇದು ಮುಳುಗುವವರೆಗೆ ನಿಮ್ಮ ಹೊತ್ತು ಅಂದರು. ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ದೊಡ್ಡ ಬಂಡೆಯ ಹಿಂದೆ ನೀರು ಎರಡಾಗಿ ಹರಿದು ಮತ್ತೆ ಸೇರುವ ಕಡೆ ನೊರೆಯ ಒಂದು ಸಣ್ಣ ಗೆರೆ ಇತ್ತು. ಬಂಡೆಯ ಮೇಲ್ಗಡೆ ಎಸೆದು, ಸ್ಪಿನ್ನರ್ (ನೀರಿನಲ್ಲಿ ಗಿರಗಿರ ತಿರುಗುವ ಪುಟ್ಟ ತಗಡಿನ ಹುಸಿ ಮೇವು) ಆ ಗೆರೆಯ ಜೊತೆಯೇ ಇಳಿದು ಬರಲು ಬಿಟ್ಟೆ. ಮೂರನೇ ಸಲಕ್ಕೆ ದಾರ ಜಗ್ಗಿತು. ಗೇಣುದ್ದದ ಬ್ರೌನ್ ಟ್ರೌಟ್. ಹೊಟ್ಟೆ ಬೆಣ್ಣೆ ಬಣ್ಣ, ಪಕ್ಕದಲ್ಲಿ ಕುಂಕುಮ ಇಟ್ಟ ಹಾಗೆ ಕೆಂಪು ಚುಕ್ಕಿ, ಒಂದೊಂದರ ಸುತ್ತಲೂ ತಿಳಿ ಬಣ್ಣದ ಉಂಗುರ. ಕೈ ಒದ್ದೆ ಮಾಡಿಕೊಂಡು ಹಿಡಿದು, ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟೆ. ಒಂದು ಕ್ಷಣ ನನ್ನ ಕಾಲಿನ ಪಕ್ಕದಲ್ಲೇ ನಿಂತು ಆಮೇಲೆ ಹೋಯಿತು. ಹನ್ನೊಂದು ಗಂಟೆಗೆ ನೋಡಿದರೆ ಕಡ್ಡಿ ನಾಲ್ಕು ಬೆರಳು ಮುಳುಗಿತ್ತು. ಮೇಲೆ ಬಿಸಿಲಿಗೆ ಹಿಮ ಕರಗಿ ನೀರು ಬಂದಿತ್ತು, ಎಣಿಸಿದ್ದ ಕಲ್ಲುಗಳು ಒಂದೂ ಕಾಣುತ್ತಿರಲಿಲ್ಲ.

ಈಗ ಎಲ್ಲಿ ಹೋದರೂ ಮೊದಲು ಒಂದು ಕಡ್ಡಿ ನೆಡುತ್ತೇನೆ. ನೀವೂ ನೆಡಿ.

ಒಂದು ವಾರಕ್ಕಿಂತ ಜಾಸ್ತಿ ಇದ್ದರೆ: ಪಬ್ಬರ್

ಶಿಮ್ಲಾ ದಾಟಿ, ಖಡಾಪತ್ಥರ್ ಏರಿ ಇಳಿದು, ಹಾಟ್‌ಕೋಟಿ ಮೇಲೆ ರೋಹ್ರು. ತೀರ್ಥನ್‌ಗಿಂತ ಹೆಚ್ಚು ಹೊತ್ತಿನ ದಾರಿ, ಜನ ಅದಕ್ಕಿಂತ ಎಷ್ಟೋ ಕಡಿಮೆ. ಚಂದ್ರನಾಹನ್ ಅನ್ನುವ ಎತ್ತರದ ಸರೋವರದ ಕಡೆಯಿಂದ ಹರಿದು ಬರುವ ನದಿ ಇದು. ರೋಹ್ರುವಿನಿಂದ ಮೇಲಕ್ಕೆ ಸೀಮಾ, ಸಂದಾಸು, ಚಿರ್ಗಾಂವ್ ಹೆಸರುಗಳನ್ನು ಹಳೆಯ ಗಾಳದವರು ಇವತ್ತಿಗೂ ಹೇಳುತ್ತಾರೆ. ಧಮ್ವಾಡಿಯಲ್ಲಿ ಮರಿಸಾಕಣೆ ಕೇಂದ್ರ ಇದೆ.

ತೀರ್ಥನ್‌ಗೆ ಹೋಲಿಸಿದರೆ ಪಬ್ಬರ್‌ನ ಕಣಿವೆ ಅಗಲ, ಮಡುಗಳು ಉದ್ದ, ಫ್ಲೈ (ಹುಳದ ಹಾಗೆ ಕಾಣುವಂತೆ ಗರಿ, ದಾರ ಸುತ್ತಿದ ಕೊಕ್ಕೆ) ಬೀಸಲು ಹಿಂದೆ ಜಾಗ ಸಿಗುತ್ತದೆ. ತೀರ್ಥನ್‌ನ ಪಕ್ಕದ ತೊರೆಗಳಲ್ಲಿ ಆಲ್ಡರ್ ಮರದ ಕೊಂಬೆಗಳು ತಲೆ ಮೇಲೇ ಇರುತ್ತವೆ, ಅಲ್ಲಿ ಸ್ಪಿನ್ನರ್ ಎಸೆಯುವ ಸಣ್ಣ ಕೋಲೇ ವಾಸಿ. ಫ್ಲೈ ಕಲಿತವರು, ಅದರಲ್ಲೇ ಹಿಡಿಯಬೇಕು ಅನ್ನುವವರು ಪಬ್ಬರ್‌ಗೇ ಹೋಗಿ.

ಆದರೆ ಇಲ್ಲಿ ಅಣೆಕಟ್ಟಿನ ಲೆಕ್ಕ ಬಿಡುವ ಹಾಗಿಲ್ಲ. ಕೆಳಗೆ ಸಾವ್ಡಾ ಕುಡ್ಡು ಯೋಜನೆ ಇದೆ, 111 ಮೆಗಾವಾಟ್. ಮೇಲೆ ಟಾಂಗ್ನು ರೊಮಾಯ್ ಕಡೆಯೂ ಯೋಜನೆ ಇದೆ. ಇವುಗಳ ನಡುವಿನ ಯಾವ ಭಾಗದಲ್ಲಿ ಈಗ ನೀರು ಇದೆ ಅಂತ ಉಳಿಯುವ ಮನೆಯವರನ್ನೇ ಕೇಳಿ, ನದಿಯ ಇವತ್ತಿನ ಫೋಟೋ ಒಂದು ಕಳಿಸಿ ಅನ್ನಿ. ಸಂಕೋಚ ಬೇಡ, ಖುಷಿಯಿಂದಲೇ ಕಳಿಸುತ್ತಾರೆ. ಇನ್ನೊಂದು ಮಾತು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಈ ದಾರಿಯಲ್ಲಿ ಸೇಬಿನ ಲಾರಿಗಳ ಸಾಲು ಇರುತ್ತದೆ. ಮಳೆಯೂ ಇರುತ್ತದೆ. ಆ ಎರಡು ತಿಂಗಳು ಬಿಡಿ.

ಉಳಿದವು

ಹಿಮಾಚಲದ ಕಿನ್ನೌರ್‌ನ ಬಸ್ಪಾ ನದಿ, ಸಾಂಗ್ಲಾ ಮತ್ತು ಛಿತ್ಕುಲ್ ಕಡೆ. ನೋಡಲು ಇವೆಲ್ಲಕ್ಕಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಮನದಿಯ ನೀರು ಜಾಸ್ತಿ, ಜೂನ್‌ನಿಂದ ಆಗಸ್ಟ್‌ವರೆಗೆ ಬೂದಿ ಬಣ್ಣದಲ್ಲೇ ಹರಿಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ತಿಳಿಯಾಗುತ್ತದೆ, ಅಷ್ಟರಲ್ಲಿ ರಾತ್ರಿ ಚಳಿ ಕೈ ಮರಗಟ್ಟಿಸುತ್ತದೆ. ಕಿನ್ನೌರ್ ಹೇಗೂ ನೋಡಬೇಕು ಅಂತಿದ್ದವರು ಕೋಲು ಜೊತೆಗೆ ಒಯ್ಯಿರಿ. ಮೀನಿಗಾಗಿಯೇ ಅಷ್ಟು ದೂರ ಹೋಗಿ ಅಂತ ನಾನು ಹೇಳಲಾರೆ.

ಹಿಮಾಚಲದ್ದೇ ಆದ ಬರೋಟ್‌ನ ಊಹ್ಲ್ ನದಿ ಮಕ್ಕಳು, ಹಿರಿಯರು ಇರುವ ಮನೆಯವರಿಗೆ ಒಳ್ಳೆಯದು. ಊರಿನಲ್ಲೇ ಟ್ರೌಟ್ ಫಾರ್ಮ್ ಇದೆ, ನದಿ ಮನೆ ಬಾಗಿಲಿಗೇ ಇದೆ. ಜನ ಬೇಡ ಅನ್ನುವವರು ಊಹ್ಲ್ ಬಿಟ್ಟು ಅಲ್ಲಿಗೆ ಸೇರುವ ಲಂಬಾಡಗ್ ತೊರೆಯ ಜೊತೆ ಮೇಲೆ ಹೋಗಬಹುದು.

ಉತ್ತರಾಖಂಡದ ದೋಡಿತಾಲ್ ಬೇರೆ ಥರದ ಆಸೆ. ಉತ್ತರಕಾಶಿಯಿಂದ ಸಂಗಮ್‌ಚಟ್ಟಿ, ಅಲ್ಲಿಂದ ಅಗೋಡಾ ಮೇಲೆ ಎರಡು ದಿನದ ನಡಿಗೆ, 3,000 ಮೀಟರ್ ದಾಟಿದ ಎತ್ತರದಲ್ಲಿ ಸರೋವರ. ದಾರಿಯುದ್ದಕ್ಕೂ ಇರುವ ಅಸಿ ಗಂಗಾ 2012ರ ಆಗಸ್ಟ್ ಪ್ರವಾಹದಲ್ಲಿ ಬಹಳ ಹಾಳಾಯಿತು. ಇಲ್ಲಿ ನಡಿಗೆಯೇ ಮುಖ್ಯ. ಸರೋವರದಲ್ಲಿ ಗಾಳಕ್ಕೆ ಅನುಮತಿ ಇದೆಯೇ ಅಂತ ಉತ್ತರಕಾಶಿಯಲ್ಲೇ ಕೇಳಿಕೊಂಡು ಹತ್ತಿ.

ಇನ್ನು ಕಾಶ್ಮೀರ. ಹತ್ತು ದಿನ ರಜೆ, ಸ್ವಲ್ಪ ಜಾಸ್ತಿ ದುಡ್ಡು ಇದ್ದರೆ ಇದಕ್ಕೆ ಸಮ ಬೇರೆ ಇಲ್ಲ. ಅಲ್ಲಿ ನದಿಯನ್ನು ಭಾಗ ಭಾಗ ಮಾಡಿ, ಒಂದೊಂದು ಭಾಗಕ್ಕೆ ದಿನಕ್ಕೆ ಇಷ್ಟೇ ಕೋಲು ಅಂತ ಪರವಾನಗಿ ಕೊಡುತ್ತಾರೆ. ಹಾಗಾಗಿ ನಿಮ್ಮ ಭಾಗದಲ್ಲಿ ನೂಕುನುಗ್ಗಲು ಇರುವುದಿಲ್ಲ. ಕೋಕರ್‌ನಾಗ್ ಕಡೆಯ ಬ್ರಿಂಗಿ ಚಿಲುಮೆಯ ನೀರು, ಹಿಮ ಕರಗುವ ತಿಂಗಳಲ್ಲೂ ತಿಳಿಯಾಗಿ ಸಿಗುತ್ತದೆ. ಬೇಸಿಗೆಯಲ್ಲಿ ಮಾತ್ರ ರಜೆ ಸಿಗುವ ಮೇಷ್ಟ್ರುಗಳಿಗೆ, ಶಾಲೆಗೆ ಹೋಗುವ ಮಕ್ಕಳಿರುವವರಿಗೆ ನಾನು ಹೇಳುವುದು ಇದನ್ನೇ. ನಡೆಯುವ ಶಕ್ತಿ ಇದ್ದವರಿಗೆ ಸೋನಮಾರ್ಗ್‌ನಿಂದ ನಾರಾನಾಗ್‌ವರೆಗೆ ಸರೋವರಗಳ ಚಾರಣ ಇದೆ, ವಿಶನ್‌ಸರ್, ಕಿಶನ್‌ಸರ್‌ನಲ್ಲಿ ಟ್ರೌಟ್ ಇದೆ, ಜುಲೈನಿಂದ ಸೆಪ್ಟೆಂಬರ್ ಅದರ ಕಾಲ. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನೆಯವರಿಗೆ ಮೊದಲೇ ಹೇಳಿ ಹೊರಡಿ.

ಜನ ಇಲ್ಲದ ತೊರೆ ನೀವೇ ಹುಡುಕುವುದು

ಮೇಲೆ ಹೇಳಿದ ಹೆಸರುಗಳಿಗೂ ಕ್ರಮೇಣ ಜನ ಬರುತ್ತಾರೆ. ಹಾಗಾಗಿ ಹುಡುಕುವ ಬಗೆ ಕಲಿಯುವುದು ಒಳ್ಳೆಯದು. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದು ಕಣಿವೆಯ ಹಾಳೆ ತೆಗೆದು ಎತ್ತರದ ಗೆರೆಗಳು ನದಿಯನ್ನು ಎಲ್ಲಿ ದಾಟುತ್ತವೆ ನೋಡಿ. ಒಂದರ ಪಕ್ಕ ಒಂದು ಒತ್ತೊತ್ತಾಗಿ ದಾಟಿದರೆ ಅಲ್ಲಿ ನೀರು ಧುಮುಕುತ್ತಿದೆ, ಮೀನಿಗೆ ನಿಲ್ಲಲು ಜಾಗ ಇಲ್ಲ. ಒತ್ತಾಗಿದ್ದ ಗೆರೆಗಳು ಒಮ್ಮೆಲೇ ದೂರ ದೂರ ಆಗುವ ಕಡೆ ನದಿ ಸ್ವಲ್ಪ ಉಸಿರು ಬಿಡುತ್ತದೆ, ಮಡುಗಳು ಅಲ್ಲೇ ಆಗುತ್ತವೆ. ಆ ಜಾಗ ರಸ್ತೆಯಿಂದ ಒಂದೂವರೆ ಎರಡು ಗಂಟೆ ನಡಿಗೆಯಲ್ಲಿದ್ದು, ಕಾಲುದಾರಿಯ ಚುಕ್ಕಿಗೆರೆಯೂ ಇದ್ದರೆ ಅದನ್ನು ಗುರುತು ಮಾಡಿ. ಆಮೇಲೆ ಉಪಗ್ರಹ ಚಿತ್ರದಲ್ಲಿ ಅದೇ ಜಾಗ ತೆರೆಯಿರಿ. ಪೂರ್ತಿ ಬಿಳಿ ಕಂಡರೆ ಬರೀ ನೊರೆ. ಬಿಳಿ, ಹಸಿರು, ಬಿಳಿ, ಹಸಿರು ಅಂತ ಕಂಡರೆ ನಿಮಗೆ ಬೇಕಾದ್ದು ಅದೇ.

ಹಳೆಯ ಚಿತ್ರವನ್ನು ಪೂರ್ತಿ ನಂಬಬೇಡಿ. 2023ರ ಜುಲೈ ಪ್ರವಾಹದ ಮೇಲೆ ಕುಲ್ಲು ಕಡೆ ಎಷ್ಟೋ ಮಡುಗಳು ಕಲ್ಲು ತುಂಬಿ ಜಾಗವೇ ಬದಲಾಗಿವೆ.

ಪರವಾನಗಿ, ಕಾಲ, ಸಾಮಾನು

ಹಿಮಾಚಲದಲ್ಲಿ ಟ್ರೌಟ್ ನದಿಗಳು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಬಂದ್. ಮೊಟ್ಟೆ ಇಡುವ ಕಾಲ ಅದು. ಉಳಿದ ತಿಂಗಳುಗಳಲ್ಲಿ ಮೀನುಗಾರಿಕೆ ಇಲಾಖೆಯ ದಿನದ ಪರವಾನಗಿ ಬೇಕು, ಶುಲ್ಕ ದೊಡ್ಡದಲ್ಲ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅನ್ನುವುದನ್ನೂ ಅಲ್ಲೇ ಕೇಳಿ. ಪರವಾನಗಿ ಇಲ್ಲದೆಯೂ ನಡೆಯುತ್ತದೆ ಅನ್ನುವ ಹೋಟೆಲಿನವರ ಮಾತು ಕೇಳಬೇಡಿ. ಬಲೆ ಹಾಕುವವರನ್ನು, ಬ್ಲೀಚಿಂಗ್ ಪುಡಿ ಸುರಿಯುವವರನ್ನು ತಡೆಯುವ ಕಾವಲುಗಾರನ ಕೆಲಸಕ್ಕೆ ಬಲ ಬರುವುದು ಈ ಚೀಟಿಯಿಂದಲೇ. ನನ್ನ ಕೇಳಿದರೆ ಒಳ್ಳೆಯ ಕಾಲ ಎರಡು: ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮೊದಲನೆಯದರಲ್ಲಿ ಮೀನು ಹಸಿದಿರುತ್ತದೆ, ಎರಡನೆಯದರಲ್ಲಿ ನೀರು ತಿಳಿಯಾಗಿರುತ್ತದೆ. ಒಂದೇ ಸಲ ಹೋಗುವವರು ಅಕ್ಟೋಬರ್ ಆರಿಸಿ.

ಮನೆಯಲ್ಲಿರುವ ಬಿಳಿಮೀನಿನ ಕೋಲು ಬಿಟ್ಟು ಹೋಗಿ. ಆರು, ಆರೂವರೆ ಅಡಿಯ ಅಲ್ಟ್ರಾಲೈಟ್ (ಬಹಳ ಹಗುರದ) ಕೋಲು, ಸಣ್ಣ ರೀಲ್, 4ರಿಂದ 6 ಪೌಂಡ್ ದಾರ, ಸೊನ್ನೆಯಿಂದ ಎರಡನೇ ನಂಬರಿನ ಸ್ಪಿನ್ನರ್ ನಾಲ್ಕೈದು ಸಾಕು. ಫ್ಲೈ ಆದರೆ ನಾಲ್ಕು ಅಥವಾ ಐದು ವೇಟ್ ಅಂತ ಗುರುತಿರುವ ಕೋಲು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ, ಬಿಡಿಸುವಾಗ ಮೀನಿನ ಬಾಯಿ ಹರಿಯುವುದಿಲ್ಲ. ಬೆಂಗಳೂರಿನಲ್ಲೇ ಹದಿನೈದು ದಿನ ಬೆಳಗ್ಗೆ ಬಡಾವಣೆಯ ಮೈದಾನದಲ್ಲಿ ಎಸೆದು ಕಲಿಯಿರಿ, ಕೊಕ್ಕೆ ತೆಗೆದು ಉಲ್ಲನ್ ದಾರದ ತುಂಡು ಕಟ್ಟಿಕೊಂಡು. ಹತ್ತು ಹೆಜ್ಜೆ ಆಚೆ ಇಟ್ಟ ಬಕೆಟ್ಟಿಗೆ ಐದರಲ್ಲಿ ಮೂರು ಸಲ ಬಿದ್ದರೆ ಟಿಕೆಟ್ ತೆಗೆಯಬಹುದು. ವಿಮಾನದಲ್ಲಿ ಕೋಲು, ಕೊಕ್ಕೆ ಎಲ್ಲವೂ ಚೆಕ್-ಇನ್ ಬ್ಯಾಗಿಗೆ ಹೋಗಲಿ.

ಅಕ್ಟೋಬರ್ ಕೊನೆಯ ವಾರ ಹೋಗುವವರಿಗೆ ಒಂದು ಮಾತು. ಮಡುವಿನ ಬಾಲದ ಕಡೆ, ನೀರು ತೆಳುವಾಗಿ ಹರಿಯುವಲ್ಲಿ, ತಟ್ಟೆಯಷ್ಟು ಅಗಲಕ್ಕೆ ಜಲ್ಲಿ ತೊಳೆದಿಟ್ಟ ಹಾಗೆ ಬೆಳ್ಳಗೆ ಕಾಣಬಹುದು. ಹೆಣ್ಣು ಬ್ರೌನ್ ಟ್ರೌಟ್ ಬಾಲದಿಂದ ಗುಡಿಸಿ ಮಾಡಿದ ಗೂಡು ಅದು, ಮೊಟ್ಟೆ ಅದರ ಕೆಳಗೆ ಇರುತ್ತದೆ. ಅದನ್ನು ತುಳಿಯಬೇಡಿ. ದಡಕ್ಕೆ ಹತ್ತಿ, ಸುತ್ತಿಕೊಂಡು ಮುಂದಿನ ಮಡುವಿಗೆ ಹೋಗಿ.